ಒಂದನೇ ನಂಬರಿನ ಬಿಲ್ಲೆ

"ಮರಳುಗಾಡಂತೆ ಮರಳುಗಾಡು! ಜೀಪಲ್ಲಿ ದಾಟ್ಕೊಂಡು ಬತ್ತೀವಿ ಅಂತ ಬರೆದಾಕು ನಿನ್ನ ತಮ್ಮಂಗೆ."

ಹೀಗೆ ಗುಡುಗಿದ ಮಹಾಪುರುಷನ ಹೆಸರು ಕೋದಂಡಪ್ಪ. ಗುಡುಗಿದ ಜಾಗ, ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ ಒಂದು ಲೈನುಮನೆಯ ಅಡುಗೆಕೋಣೆ. ಗುಡುಗುವಾಗ ಬಾಯಲ್ಲಿ ಅರ್ಧ ತುತ್ತು ಮುದ್ದೆ ಇತ್ತು. ಆ ತುತ್ತನ್ನು ನುಂಗಿ, ನೀರು ಕುಡಿದು, ಒಂದು ನಿಮಿಷ ಯೋಚಿಸಿ ಮಾತಾಡಿದ್ದರೆ ಮುಂದಿನ ಯಾವ ಅನಾಹುತವೂ ಆಗುತ್ತಿರಲಿಲ್ಲ. ಆದರೆ ಅವನ ಜಾತಕದಲ್ಲಿ ನುಂಗುವ ಯೋಗ ಆಮೇಲೆ ಬರಬೇಕೆಂದು ಬರೆದಿತ್ತು, ಬಂದೇ ಬಂತು.

ಕಾರಣ ಒಂದು ಕಾಗದ. ಅವನ ಹೆಂಡತಿ ಆದಿಲಕ್ಷ್ಮಮ್ಮನ ತಮ್ಮ ಶ್ರೀರಾಮಪ್ಪ ಮಿಲಿಟರಿಯಲ್ಲಿ ಹವಲ್ದಾರ. ಬಂಗಾರಪೇಟೆ ಬಿಟ್ಟು ಬಿಕಾನೇರಿನಲ್ಲಿದ್ದ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಮರಳಿನ ಗುಡ್ಡಗಳಂತೆ. ನಾಲ್ಕು ಚಕ್ರವೂ ಎಳೆಯುವ ಜೀಪು ಗೊತ್ತುಮಾಡಿದ್ದಾನಂತೆ. ತಾನೇ ಓಡಿಸುತ್ತಾನಂತೆ. ರಜೆಗೆ ಬಂದಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ, ಜೈಸಲ್ಮೇರಿನವರೆಗೂ ಆರು ದಿನ ಮರಳ ಮೇಲೆ ಸುತ್ತಿಸುತ್ತಾನಂತೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಕೊನೆಯಲ್ಲಿ, 'ಭಾವನಿಗೆ ಧೈರ್ಯ ಇದ್ದರೆ ಮಾತ್ರ' ಎಂದು ಒಂದು ಸಾಲು ಸೇರಿಸಿದ್ದ. ಆದಿಲಕ್ಷ್ಮಮ್ಮ ಅದನ್ನು ಓದಿ ಗಂಡನ ಮುಖ ನೋಡಿದಳು. ಕೋದಂಡಪ್ಪ ಗುಡುಗಿದ.

ಹೆಂಡತಿ ನಾಲ್ಕು ದಿನ ತಡೆದು ಉತ್ತರ ಬರೆದಾಳು, ಅಷ್ಟರಲ್ಲಿ ಏನಾದರೂ ನೆಪ ಹುಟ್ಟೀತು ಎಂದುಕೊಂಡಿದ್ದ. ಅವನು ಕೈ ತೊಳೆದು ಬರುವಷ್ಟರಲ್ಲಿ ಅವಳು ಕಾರ್ಡು ಬರೆದು ಮುಗಿಸಿದ್ದಳು. ಮಗಳು ರತ್ನ ಅದನ್ನು ಹಿಡಿದು ಟಪಾಲು ಡಬ್ಬಿಗೆ ಓಡಿಯೂ ಆಗಿತ್ತು.

ಈಗ ಒಂದು ಗುಟ್ಟು ಹೇಳುತ್ತೇನೆ, ಕೋರಮಂಡಲ್‌ನಲ್ಲಿ ಯಾರಿಗೂ ಗೊತ್ತಿರದಿದ್ದ ಗುಟ್ಟು. ಕೋದಂಡಪ್ಪ ಮಹಾ ಪುಕ್ಕಲ. ಹಲ್ಲಿ ಲೊಚಗುಟ್ಟಿದರೆ ಹಾಸಿಗೆ ಬದಲಾಯಿಸುವ ಜಾತಿ. ಆದರೂ ಊರೆಲ್ಲ ಅವನನ್ನು ಗಂಡೆದೆಯವನು ಎಂದು ನಂಬಿತ್ತು, ಏಕೆಂದರೆ ಅವನ ಕೆಲಸವೇ ಅಂಥದ್ದು. ಗಣಿಯ ಶಾಫ್ಟಿನ ಬಾಯಲ್ಲಿ, ಟೈಮಾಫೀಸಿನ ಕಿಟಕಿಯಲ್ಲಿ ಕೂತು ಅವನು ಹದಿನೆಂಟು ವರ್ಷದಿಂದ ಬಿಲ್ಲೆ ಕೊಡುತ್ತಿದ್ದ. ಕೆಳಗಿಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಇಸಿದುಕೊಂಡು ಇಳಿಯಬೇಕು, ಮೇಲೆ ಬಂದಮೇಲೆ ಅದನ್ನು ವಾಪಸು ಕೊಡಬೇಕು. ಹಲಗೆಯ ಮೇಲೆ ಮೊಳೆ ಖಾಲಿ ಇದೆಯೆಂದರೆ ಆ ಮನುಷ್ಯ ಇನ್ನೂ ಭೂಮಿಯೊಳಗೇ ಇದ್ದಾನೆಂದು ಲೆಕ್ಕ, ರೆಸ್ಕ್ಯೂ ಪಾರ್ಟಿ ಇಳಿಯಬೇಕು. ಕೋದಂಡಪ್ಪ ತಾನು ಮಾತ್ರ ಒಂದೇ ಒಂದು ಸಲ ಇಳಿದಿದ್ದ. ಇಳಿಯುವಾಗಲೇ ಮೂರ್ಛೆ ಹೋಗಿ, ಜೊತೆಯವರು ಪಿತ್ತವೆಂದುಕೊಂಡು ಹೊತ್ತು ತಂದಿದ್ದರಿಂದ ಕೆಳಗೆ ಏನಿದೆಯೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಕಿಟಕಿಯ ಒಳಗೆ ಮಾತ್ರ ಅವನು ಯಮಧರ್ಮರಾಯ. ಪಕ್ಕದ ಮನೆಯ ಸೊಣ್ಣಪ್ಪ ರೆಸ್ಕ್ಯೂ ಪಾರ್ಟಿಯವನೇ, ಆಳೆತ್ತರದ ಮನುಷ್ಯ. ನಾಲ್ಕು ವರ್ಷದ ಹಿಂದೆ ಅವನು ಒಂದು ದಿನ ಬಿಲ್ಲೆ ಕಳೆದುಕೊಂಡು ಕಿಟಕಿಯ ಮುಂದೆ ನಿಂತ. ದಿನಾ ಒಂದೇ ನಲ್ಲಿಯಲ್ಲಿ ನೀರು ಹಿಡಿಯುವ ಮುಖವನ್ನು ಕೋದಂಡಪ್ಪ ಮೇಲಿಂದ ಕೆಳಗೆ ನೋಡಿ, "ನೀನು ಬಂದಿರಬೌದು ಸೊಣ್ಣಪ್ಪ. ನಿನ್ನ ಬಿಲ್ಲೆ ಬಂದಿಲ್ಲ" ಎಂದ. ಸೊಣ್ಣಪ್ಪ ಮೂರು ಗಂಟೆ ಕಲ್ಲುಬೆಂಚಿನ ಮೇಲೆ ಕೂತು, ಕೊನೆಗೆ ಬೂಟಿನೊಳಗೆ ಬಿಲ್ಲೆ ಸಿಕ್ಕಮೇಲೆ ಮನೆಗೆ ಹೋದ. ಆ ಮಾತನ್ನು ಕೋದಂಡಪ್ಪ ಮರೆತ, ಸೊಣ್ಣಪ್ಪ ಮರೆಯಲಿಲ್ಲ.

ಕಾರ್ಡು ಹೋದ ದಿನದಿಂದ ಕೋದಂಡಪ್ಪನಿಗೆ ಮುದ್ದೆ ಇಳಿಯಲಿಲ್ಲ. ಕಣ್ಣು ಮುಚ್ಚಿದರೆ ಮರಳು. ಮರಳು ಜೀಪನ್ನು ನುಂಗುತ್ತಿತ್ತು, ಮಗಳನ್ನು ನುಂಗುತ್ತಿತ್ತು, ಅವನ ಕುತ್ತಿಗೆಯವರೆಗೂ ಏರುತ್ತಿತ್ತು. ಎಚ್ಚರವಾದಾಗ ಬೆವರಿನಿಂದ ಬನಿಯನ್ನು ತೊಯ್ದಿರುತ್ತಿತ್ತು. ಹೆಂಡತಿಗೆ ಹೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷ ಕಾಪಾಡಿಕೊಂಡು ಬಂದ ಮಾನ ಅದೊಂದೇ.

ಹಾಗಾಗಿ ಯುಕ್ತಿ ಹೂಡಿದ. ಪ್ರಯಾಣಕ್ಕೆ ಬೇಕಾದ ಸಾಮಾನಿನ ಪಟ್ಟಿಯನ್ನು, ನೋಡಿದರೇ ಸುಸ್ತಾಗುವಷ್ಟು ಉದ್ದ ಬರೆದ. ಎರಡು ಪೀಪಾಯಿ ನೀರು, ಹತ್ತು ಸೇರು ಹುರಿಹಿಟ್ಟು, ಹಗ್ಗ, ಹಾರೆ, ಗುದ್ದಲಿ, ಲಾಟೀನು, ಹಾವು ಕಚ್ಚಿದರೆ ಕಟ್ಟಲು ಬಟ್ಟೆ, ಒಂಟೆ ಕಚ್ಚಿದರೆ ಹಚ್ಚಲು ಅರಿಶಿನ. ಆದಿಲಕ್ಷ್ಮಮ್ಮ ಪಟ್ಟಿ ನೋಡಿ ನಕ್ಕಳು. ಮೂರೇ ದಿನದಲ್ಲಿ ಎಲ್ಲವನ್ನೂ ಒಟ್ಟುಮಾಡಿ ಮೂಲೆಯಲ್ಲಿ ಪೇರಿಸಿದಳು. ಒಂಟೆಗೆಂದು ಅರ್ಧ ಸೇರು ಅರಿಶಿನ ಕುಟ್ಟಿದ್ದಳು. ರಜೆ ಸಿಗುವುದಿಲ್ಲ ಎಂದ. ಅವಳು ದೊಡ್ಡ ಗುಮಾಸ್ತರ ಹೆಂಡತಿಯನ್ನು ಹಿಡಿದು ರಜೆ ಕೊಡಿಸಿದಳು. ಮಗಳ ಶಾಲೆ ಎಂದ. ರತ್ನ ಬೇಸಿಗೆ ರಜ ಎಂದಳು.

ಕೊನೆಗೆ ಅವನ ಬತ್ತಳಿಕೆಯಲ್ಲಿ ಉಳಿದದ್ದು ಒಂದೇ ಬಾಣ.

"ನೋಡು, ಯಾವ ಕೆಲ್ಸಕ್ಕೂ ಮೊದ್ಲು ಒಂದ್ ಪರೀಕ್ಸೆ ಇರ್ತೈತೆ. ಸೈನೈಡ್ ದಿಬ್ಬ ದಾಟಾಣ. ನಮ್ಮಲ್ಲಿ ಒಬ್ರು ಎದ್ರಿದ್ರೂ ಪ್ರಯಾಣ ಕ್ಯಾನ್ಸಲ್."

"ಯಾರ್ ಎದ್ರಿದ್ರೂನಾ?" ಎಂದಳು ಆದಿಲಕ್ಷ್ಮಮ್ಮ.

"ಯಾರ್ ಎದ್ರಿದ್ರೂ."

ಅವನ ನಂಬಿಕೆ ಎಲ್ಲ ಒಂಬತ್ತು ವರ್ಷದ ರತ್ನನ ಮೇಲೆ. ಮಗು ಒಂದು ಸಲ ಕಿಟಾರನೆ ಕಿರುಚಿದರೆ ಸಾಕು, ಬಿಕಾನೇರು ಬಿಕಾನೇರಿನಲ್ಲೇ ಇರುತ್ತದೆ.

ಸೈನೈಡ್ ದಿಬ್ಬವೆಂದರೆ, ಸೈನೈಡ್ ವಿಷ ಹಾಕಿ ಚಿನ್ನ ತೆಗೆದುಕೊಂಡಮೇಲೆ ಉಳಿದ ಕಲ್ಲಿನ ಪುಡಿಯನ್ನು ಗಣಿಯವರು ಸುರಿದು ಸುರಿದು ಎಬ್ಬಿಸಿದ ಬೂದುಬಣ್ಣದ ಗುಡ್ಡ. ಹುಲ್ಲುಕಡ್ಡಿ ಹುಟ್ಟುವುದಿಲ್ಲ. ಗಾಳಿ ಎದ್ದರೆ ಅರ್ಧ ಊರಿನ ಸಾರಿನಲ್ಲಿ ಅದೇ ಪುಡಿ. ಅದರ ಬುಡದ ನೀರು ಕುಡಿದ ಮೇಕೆ ಮನೆಗೆ ಬರುವುದಿಲ್ಲವೆಂದು ಜನ ಹೇಳುತ್ತಿದ್ದರು. ಮರಳುಗಾಡಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಬೇರೆಲ್ಲಿ ಸಿಕ್ಕೀತು? ಜೀಪಿಗೆ ಆರುಮುಗಂ ಇದ್ದ. ಯುದ್ಧ ಮುಗಿದಮೇಲೆ ಮಿಲಿಟರಿಯವರು ಮಾರಿದ ಜೀಪೊಂದನ್ನು ಕೊಂಡು, ಕ್ಯಾಸಂಬಳ್ಳಿಯಿಂದ ಆಂಡರ್ಸನ್‌ಪೇಟೆಗೆ ತರಕಾರಿ ಹೊಡೆಯುತ್ತಿದ್ದ. ದಿಬ್ಬದ ಕಾವಲುಗಾರ ಅವನ ಷಡ್ಡಕ. ನಾಲ್ಕು ಚಕ್ರಕ್ಕೂ ಜೀವ ಕೊಡುವ ಗೇರನ್ನು ಬದನೆಕಾಯಿ ಮೂಟೆಗಳ ಮಧ್ಯೆ ಹಾಕುವ ಅವಕಾಶವೇ ಸಿಕ್ಕಿಲ್ಲವೆಂದು ಕೊರಗುತ್ತಿದ್ದವನು, ಕೇಳಿದ ಕೂಡಲೇ ಒಪ್ಪಿದ.

ಭಯ ಹೆಚ್ಚಾದಷ್ಟೂ ಕೋದಂಡಪ್ಪನಿಗೆ ಕಾನೂನು ನೆನಪಾಗುತ್ತದೆ. ಮನೆಯಲ್ಲೂ ಒಂದು ಬಿಲ್ಲೆ ಹಲಗೆ ಮಾಡಿದ. ನಯಾಪೈಸೆ ಬಂದಮೇಲೆ ಯಾರೂ ಮುಟ್ಟದೆ ಡಬ್ಬಿಯಲ್ಲಿ ಬಿದ್ದಿದ್ದ ತೂತುಕಾಸುಗಳನ್ನು ತೆಗೆದು ಮೊಳೆಯಿಂದ ನಂಬರು ಕೆತ್ತಿದ. ಒಂದು ಅವನದು, ಎರಡು ಹೆಂಡತಿಯದು, ಮೂರು ಮಗಳದು, ನಾಲ್ಕು ಆರುಮುಗಂನದು. ಹಲಗೆಯನ್ನು ಅಡುಗೆಕೋಣೆಯ ಬಾಗಿಲಿಗೆ ನೇತುಹಾಕಿ, ಕಾಯಲು ತನ್ನ ತಾಯಿ ಚಿಕ್ಕವೆಂಕಟಮ್ಮನನ್ನು ಕೂರಿಸಿದ. ಮುಂದೆ ಟೈಂಪೀಸು. ಐದು ಗಂಟೆಗೆ ನಾಲ್ಕು ಬಿಲ್ಲೆಯೂ ಮೊಳೆಗೆ ಬರದಿದ್ದರೆ ನೇರ ಸೊಣ್ಣಪ್ಪನಿಗೆ ಹೇಳಬೇಕು, ಬಿಲ್ಲೆ ನೋಡದೆ ಯಾರ ಬಾಯಿಮಾತನ್ನೂ ನಂಬಕೂಡದು ಎಂದು ಮೂರು ಸಲ ಹೇಳಿಕೊಟ್ಟ. ಮುದುಕಿ ಮೂರು ಸಲವೂ ತಲೆಯಾಡಿಸಿದಳು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಜೀಪು ದಿಬ್ಬದ ಬುಡದಲ್ಲಿ ನಿಂತಿತು. ಕೋದಂಡಪ್ಪ ತಲೆಯೆತ್ತಿ ನೋಡಿದ. ದಿನಾ ನೋಡುವ ದಿಬ್ಬವೇ, ಆದರೆ ಇವತ್ತು ಅದಕ್ಕೆ ತುದಿಯೇ ಕಾಣಿಸಲಿಲ್ಲ. ಜೇಬಿನಲ್ಲಿದ್ದ ಬಿಲ್ಲೆ ಕುಲುಕಾಟಕ್ಕೆ ಎಗರಿ ಬಿದ್ದರೆ? ಕೈಯಲ್ಲಿ ಹಿಡಿಯೋಣವೆಂದರೆ ಜೀಪಿನ ಸರಳು ಹಿಡಿಯಲು ಎರಡು ಕೈ ಸಾಲದು, ನಾಲ್ಕು ಬೇಕು. ಬಿಲ್ಲೆಯನ್ನು ಬಾಯಿಗೆ ಹಾಕಿ ಹಲ್ಲು ಕಚ್ಚಿದ.

ಆರುಮುಗಂ ಗೇರು ಹಾಕಿದ. ಜೀಪು ಒಂದು ಸಲ ನಡುಗಿ, ಏರತೊಡಗಿತು. ಚಕ್ರದ ಕೆಳಗಿನ ಪುಡಿ ಸರ್ರನೆ ಜಾರುತ್ತಿತ್ತು. ಜೀಪು ಎರಡು ಮಾರು ಏರಿದರೆ ಒಂದು ಮಾರು ಇಳಿಯುತ್ತಿತ್ತು, ಕೋದಂಡಪ್ಪನ ಎದೆ ಮಾತ್ರ ಇಳಿಯುತ್ತಲೇ ಇತ್ತು. ಹಿಂದೆ ತಿರುಗಿದರೆ ಲೈನುಮನೆಗಳು ಬೆಂಕಿಪೊಟ್ಟಣದಷ್ಟು ಕಂಡವು. ಮುಂದೆ ನೋಡಿದರೆ ಬರೀ ಆಕಾಶ. ರತ್ನ ಕಿರುಚಿಕೊಳ್ಳಲೆಂದು ಮನೆದೇವರಿಗೆ ಮೊರೆಯಿಟ್ಟ. ರತ್ನ ಚಪ್ಪಾಳೆ ತಟ್ಟಿದಳು. ಹೆಂಡತಿಯಾದರೂ ಕೂಗಲೆಂದು ಮೊರೆಯಿಟ್ಟ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೂ ಜೋರಾಗಿ ಹೊಡೆಯಪ್ಪಾ ಎಂದು ಆರುಮುಗಂಗೆ ಹೇಳುತ್ತಿದ್ದಳು.

ತುದಿಗೆ ಬಂದಾಗ ಜೀಪು ಗಕ್ಕನೆ ನಿಂತಿತು. ಮುಂದಿನ ಚಕ್ರಗಳ ಕೆಳಗೆ ನೆಲವಿರಲಿಲ್ಲ. ಆಚೆಯ ಇಳಿಜಾರು ನೆಟ್ಟಗೆ ಪಾತಾಳಕ್ಕೆ ಹೋಗಿತ್ತು.

ಆರುಮುಗಂ ತಿರುಗಿ ನೋಡಿ, "ಬಯಪ್ಪಡಾದೀಂಗ ಸಾರ್, ಎದ್ರಬೇಡಿ, ಬ್ರೇಕ್ ಸ್ವಲ್ಪ ವೀಕು, ಅಷ್ಟೇ" ಎಂದು ಸಮಾಧಾನ ಹೇಳಿದ.

ಕೋದಂಡಪ್ಪನ ಜೀವ ಬಾಯಿಗೆ ಬಂತು. ಬಾಯಲ್ಲಿದ್ದ ಬಿಲ್ಲೆ ಹೊಟ್ಟೆಗೆ ಹೋಯಿತು.

ಅದು ಗಂಟಲಲ್ಲಿ ಅಡ್ಡವಾಗಿ, ಆಮೇಲೆ ಉದ್ದವಾಗಿ, ಕೊನೆಗೆ ತನ್ನ ದಾರಿ ತಾನು ನೋಡಿಕೊಂಡು ಇಳಿದದ್ದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಅಷ್ಟು ಹೊತ್ತಿಗೆ ಜೀಪೂ ಇಳಿಯುತ್ತಿತ್ತು. ಯಾವುದು ಮೊದಲು ಬುಡ ಮುಟ್ಟಿತೋ ಅವನು ಹೇಳಲಾರ. ಕಣ್ಣು ಬಿಟ್ಟಾಗ ಜೀಪು ನೆಲದ ಮೇಲಿತ್ತು, ರತ್ನ ಇನ್ನೊಂದು ಸಲ ಎಂದು ಕುಣಿಯುತ್ತಿದ್ದಳು.

"ನಿಮ್ಮಪ್ಪ ನೋಡೇ, ಒಂದ್ ಮಾತೂ ಆಡ್ದೆ ಎಂಗ್ ಕೂತವ್ರೆ. ಗಂಡಸಂದ್ರೆ ಅಂಗಿರ್ಬೇಕು," ಎಂದಳು ಆದಿಲಕ್ಷ್ಮಮ್ಮ. ಹನ್ನೆರಡು ವರ್ಷದಲ್ಲಿ ಅವಳು ಗಂಡನನ್ನು ಹೊಗಳಿದ್ದು ಅದೇ ಮೊದಲು. ಅಂಥ ಹೊತ್ತಿನಲ್ಲಿ ಬಿಲ್ಲೆ ನುಂಗಿದ್ದೇನೆ ಎಂದು ಹೇಳುವುದಾದರೂ ಹೇಗೆ?

ನಾಲ್ಕು ಗಂಟೆಗೆ ಮನೆ ಸೇರಿದರು. ಆರುಮುಗಂ ತನ್ನ ಬಿಲ್ಲೆ ತಗುಲಿಹಾಕಿ, ಕಾಫಿ ಕುಡಿದು ಹೋದ. ಆದಿಲಕ್ಷ್ಮಮ್ಮ ಎರಡನೆಯ ಮೊಳೆಗೆ ಹಾಕಿದಳು, ರತ್ನ ಮೂರನೆಯದಕ್ಕೆ. ಒಂದನೆಯ ಮೊಳೆ ಬೋಳಾಗಿ ನಿಂತಿತು. ಮುದುಕಿ ಮಗನ ಕಡೆ ಕೈ ಚಾಚಿದಳು. ಅವನು ಜೇಬು ತಡಕಿದ, ಪಂಚೆ ಕೊಡವಿದ, ಆಮೇಲೆ ಕೊಡುತ್ತೇನೆಂದು ಗೊಣಗಿ ಹಿತ್ತಲಿಗೆ ಹೋದ.

ಹಿತ್ತಲಿನಲ್ಲಿ ಒಂದು ಗಂಟೆ ಅವನು ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಬೆರಳು ಹಾಕಿ ನೋಡಿದ, ಬಗ್ಗಿ ನೋಡಿದ, ಕುಪ್ಪಳಿಸಿ ನೋಡಿದ. ಒಳಗೆ ತಾಮ್ರ ಕಿಲುಬು ಹಿಡಿಯುತ್ತಿರುವ ಹಾಗೆ ಅನ್ನಿಸಿತು. ಸೈನೈಡ್ ದಿಬ್ಬದ ಪುಡಿ ಮೆತ್ತಿದ ಕೈಯಿಂದಲೇ ಬಿಲ್ಲೆ ಬಾಯಿಗೆ ಹಾಕಿಕೊಂಡಿದ್ದೆ ಎಂಬುದು ಆಗ ನೆನಪಾಯಿತು. ದಿಬ್ಬದ ನೀರು ಕುಡಿದ ಮೇಕೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ. ಅವನು ಎರಡನ್ನೂ ತೂಗುತ್ತ ಕೂತಿರುವಾಗ ಟೈಂಪೀಸಿನ ಅಲಾರಂ ಬಡಿಯಿತು.

ಐದು ಗಂಟೆ. ಚಿಕ್ಕವೆಂಕಟಮ್ಮ ಎದ್ದಳು, ಪಕ್ಕದ ಮನೆಗೆ ನಡೆದಳು.

ಸೊಣ್ಣಪ್ಪ ಎರಡೇ ನಿಮಿಷದಲ್ಲಿ ನಾಲ್ಕು ಆಳು, ಹಗ್ಗ, ಸಲಿಕೆ, ಸ್ಟ್ರೆಚರು ಸಮೇತ ಬಾಗಿಲಲ್ಲಿ ನಿಂತ. ಲೈನಿನ ಜನವೆಲ್ಲ ಸೇರಿತು. ಮನೆಯ ಯಜಮಾನ ಕೋದಂಡಪ್ಪ ಕಾಣೆಯಾಗಿದ್ದಾನೆ, ದಿಬ್ಬ ಅಗೆಯಬೇಕು ಎಂದು ಮುದುಕಿ ಹೇಳುತ್ತಿದ್ದಳು. ಕೋದಂಡಪ್ಪ ಅವಳ ಪಕ್ಕದಲ್ಲೇ ನಿಂತು, ನಾನು ಇಲ್ಲೇ ಇದ್ದೇನಮ್ಮ ಎಂದು ಗೋಗರೆಯುತ್ತಿದ್ದ. ಸೊಣ್ಣಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಹಲಗೆಯ ಹತ್ತಿರ ಹೋಗಿ ಖಾಲಿ ಮೊಳೆಯನ್ನು ಮುಟ್ಟಿ ನೋಡಿ, ಆಳುಗಳಿಗೆ ಹೊರಡಿ ಎಂದು ಸನ್ನೆ ಮಾಡಿದ.

ಕೋದಂಡಪ್ಪನಿಗೆ ಸಿಟ್ಟು ಬಂತು. "ಅಮ್ಮಾ, ನಿನ್ ಮುಂದೇನೇ ನಿಂತಿವ್ನಿ. ಕಣ್ ಕಾಣ್ಸಲ್ವಾ?"

ಚಿಕ್ಕವೆಂಕಟಮ್ಮ ಅವನ ಕಡೆ ತಿರುಗಿದಳು.

"ಏರ್‌ಬ್ಲಾಸ್ಟ್ ಆಗಿ ಒಳಗೆ ಬಂಡೆ ಸಿಡ್ದು ಕುಸ್ದ ವರ್ಸ, ನಿಮ್ಮಪ್ಪ ಮೇಲಕ್ ಬಂದ ಅಂತ ಯಾರೋ ಅಂದ್ರು. ನಾನು ಅದನ್ನೇ ನಂಬ್ಕೊಂಡು ಮನೇಗ್ ಓಗಿ ಮುದ್ದೆ ತಿರುವ್ದೆ ಕಣ್ಲಾ. ತಟ್ಟೆ ಇಕ್ಕಿ ಕಾದೆ. ಅವ್ನು ಮಾರ್ನೆ ದಿನ ಮಧ್ಯಾಹ್ನ ಸ್ಟ್ರೆಚರ್ ಮೇಲ್ ಬಂದ. ಉಳ್ಕೊಂಡ, ಅದು ಬೇರೆ ಮಾತು. ಅವತ್ತಿಂದ ಬಿಲ್ಲೆ ಬಿಟ್ರೆ ನಾನ್ ಯಾರ್ನೂ ನಂಬಾಕಿಲ್ಲ."

ಕೋದಂಡಪ್ಪನ ಕಣ್ಣಲ್ಲಿ ನೀರು ತುಂಬಿತು. ತಾನು ಭಾನುವಾರದ ಆಟಕ್ಕೆಂದು ತೂಗುಹಾಕಿದ ಹಲಗೆಯ ಮುಂದೆ ಅವಳು ಮೂರು ಗಂಟೆ ಹೇಗೆ ಕೂತಿದ್ದಳೆಂದು ಈಗ ಹೊಳೆಯಿತು. ಮಾನ ಹೋದರೆ ಹೋಗಲಿ ಎಂದುಕೊಂಡ.

"ಅಮ್ಮ, ಬಿಲ್ಲೆ ಎಲ್ಲೂ ಓಗಿಲ್ಲ. ದಿಬ್ಬದ್ ಮೇಲೆ ಎದ್ರಿ ನುಂಗ್ಬಿಟ್ಟೆ," ಎಂದು ಹೊಟ್ಟೆ ತೋರಿಸಿದ.

ಸಲಿಕೆ ಹಿಡಿದಿದ್ದವನ ಕೈಯಿಂದ ಸಲಿಕೆ ಬಿತ್ತು. ಮೊದಲು ನಕ್ಕವಳು ರತ್ನ. ಆಮೇಲೆ ಇಡೀ ಕೋರಮಂಡಲ್ ನಕ್ಕಿತು. ಆದಿಲಕ್ಷ್ಮಮ್ಮ ಮಾತ್ರ ನಗಲಿಲ್ಲ. ಬೆಳ್ಳಗಾದ ಮುಖದಲ್ಲಿ ಗಂಡನ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕಾಂಪೌಂಡರು ಹೊಟ್ಟೆ ಅಮುಕಿ, ಸಾಯುವುದಿಲ್ಲ, ಬಾಳೆಹಣ್ಣು ತಿಂದು ಕಾಯಿರಿ ಎಂದರು. ಅಷ್ಟಾದ ಮೇಲೆ ಅವಳು ನಕ್ಕಳು. ಆ ನಗು ನಿಲ್ಲಿಸಲು ಮನೆಗೆ ಬಂದಮೇಲೆ ನೀರು ಕುಡಿಸಬೇಕಾಯಿತು.

ಮುಂದಿನ ಮೂರು ದಿನ ಬಾಳೆಹಣ್ಣು, ಸೊಪ್ಪಿನ ಸಾರು, ಮತ್ತೆ ಬಾಳೆಹಣ್ಣು. ಶಿಫ್ಟಿಗೆ ಹೋಗುವವರು ಕಿಟಕಿಯಲ್ಲಿ ಬಗ್ಗಿ, ಬಂತಾ ಸಾರ್ ಎಂದು ಕೇಳುತ್ತಿದ್ದರು. ನಾಲ್ಕನೆಯ ದಿನ ಬಿಲ್ಲೆ ಬಂತು. ಆದಿಲಕ್ಷ್ಮಮ್ಮ ಅದನ್ನು ಹುಣಸೆಹಣ್ಣು, ಬೂದಿ, ಸೀಗೆಪುಡಿ ಮೂರರಲ್ಲೂ ತೊಳೆದಳು. ಚಿಕ್ಕವೆಂಕಟಮ್ಮ ನಂಬರು ಓದಿಸಿ ಕೇಳಿ, ಮೊಳೆಗೆ ತಗುಲಿಸಿ, ಮಗನ ತಲೆ ಸವರಿ, "ಈಗ್ ಬಂದ್ಯಾ ಮಗಾ" ಎಂದಳು.

ಮಾನ ಹೋಯಿತು, ಆದರೂ ಒಂದು ಲಾಭವಿದೆ ಎಂದು ಕೋದಂಡಪ್ಪನಿಗೆ ಅಂದು ಸಂಜೆ ಹೊಳೆಯಿತು. ಒಬ್ಬರು ಹೆದರಿದರೂ ಪ್ರಯಾಣವಿಲ್ಲವೆಂದು ಮಾತಾಗಿತ್ತಲ್ಲ! ಅವನು ದೊಡ್ಡ ಮನಸ್ಸು ಮಾಡಿ, ಹೆದರಿದವನು ನಾನೇ, ಕಾನೂನೆಂದರೆ ಕಾನೂನು, ಬಿಕಾನೇರಿಗೆ ಬರೆದುಬಿಡು ಎಂದ.

"ಬರ್ದೆ," ಎಂದಳು ಆದಿಲಕ್ಷ್ಮಮ್ಮ. "ನಿಮ್ ಪ್ರಯಾಣ ಕ್ಯಾನ್ಸಲ್. ನಿಮ್ ಜಾಗಕ್ಕೆ ಅತ್ತೆ ಬತ್ತವ್ರೆ."

ಕೋದಂಡಪ್ಪ ತಾಯಿಯ ಕಡೆ ನೋಡಿದ. ಅವಳು ರತ್ನ ಬರೆದುಕೊಟ್ಟ ನಂಬರನ್ನು ನೋಡಿಕೊಂಡು ಐದನೆಯ ತೂತುಕಾಸಿಗೆ ಮೊಳೆಯಿಂದ ಕೆತ್ತುತ್ತಿದ್ದಳು.

"ಉಟ್ಟಿದಾಗಿಂದ ಕಾದಿದ್ದೇ ಆಯ್ತು ಕಣ್ಲಾ, ನಿಮ್ಮಪ್ಪಂಗೆ, ನಿಂಗೆ. ಈ ಸಲ ನಾನ್ ಓಗ್ತೀನಿ. ನೀನ್ ಕಾಯಿ."

ಮೇ ತಿಂಗಳಲ್ಲಿ ಶ್ರೀರಾಮಪ್ಪ ಬಂದು ಮೂವರನ್ನೂ ಕರೆದುಕೊಂಡು ಹೊರಟ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲು ಕದಲುವಾಗ ಮುದುಕಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಲಗೆ ಭದ್ರ ಎಂದು ಕೂಗಿದಳು. ಕೋದಂಡಪ್ಪ ಮನೆಗೆ ಬಂದು ಹಲಗೆಯ ಮುಂದೆ ಕೂತ. ಅವನದು, ಆರುಮುಗಂನದು ಎರಡೇ ಬಿಲ್ಲೆ ತೂಗುತ್ತಿದ್ದವು, ಹೋದವರ ಮೂರು ಮೊಳೆ ಖಾಲಿ. ಹದಿನೆಂಟು ವರ್ಷ ಸಾವಿರ ಖಾಲಿ ಮೊಳೆ ನೋಡಿದ್ದ, ಒಂದು ದಿನವೂ ಊಟ ಬಿಟ್ಟವನಲ್ಲ. ಈ ಮೂರು ಮೊಳೆ ನೋಡುತ್ತ ಅವನಿಗೆ ದಿಬ್ಬದ ತುದಿಯಲ್ಲಿ ಆಗಿದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ದಿನಾ ಗಣಿಯಿಂದ ಬಂದು ಟೈಂಪೀಸಿಗೆ ಕೀ ಕೊಟ್ಟು ಅಲ್ಲೇ ಕೂರುತ್ತಿದ್ದ.

ಹದಿನೈದನೆಯ ದಿನ ಬಿಕಾನೇರಿನಿಂದ ಕಾರ್ಡು ಬಂತು. ಮರಳು ದಾಟಿ ಮುಗಿಯಿತು, ಎಲ್ಲರೂ ಕ್ಷೇಮ, ಮುದುಕಿ ಇನ್ನೂ ಎರಡು ದಿನ ಇರೋಣವೆಂದು ಹಠ ಹಿಡಿದಿದ್ದಾಳೆ, ಒಂಟೆಯೊಂದು ಅರಿಶಿನದ ಚೀಲ ತಿಂದಿತು. ಕೋದಂಡಪ್ಪನಿಗೆ ಹೋದ ಜೀವ ಬಂದಂತಾಯಿತು. ಕಾರ್ಡು ಹಿಡಿದುಕೊಂಡೇ ಓಡಿ, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಸೊಣ್ಣಪ್ಪನಿಗೆ ತೋರಿಸಿ, ಎಲ್ಲರೂ ಕ್ಷೇಮವಂತೆ ಎಂದ.

ಸೊಣ್ಣಪ್ಪ ಬಿಂದಿಗೆ ಕೆಳಗಿಟ್ಟು ಕೈ ಒರೆಸಿಕೊಂಡ. ಕಾರ್ಡನ್ನು ಎರಡು ಕಡೆಯೂ ತಿರುಗಿಸಿ ನೋಡಿದ. ನಾಲ್ಕು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದ ಮಾತನ್ನು, ಅವಸರವಿಲ್ಲದೆ ಹೊರಗೆ ತೆಗೆದ.

"ಕಾರ್ಡ್ ಬಂದಿರಬೌದು ಸಾರ್. ಬಿಲ್ಲೆ ಬಂದಿಲ್ಲ."

ಕೋದಂಡಪ್ಪ ಮನೆಗೆ ಹೋಗಿ, ಟೈಂಪೀಸಿಗೆ ಕೀ ಕೊಟ್ಟು, ಹಲಗೆಯ ಮುಂದೆ ಕೂತ.